ಕೊಟ್ಟಿಗೆಹಾರದ ಬಾರುಕೋಲು

ಬಾಳೆಹೊನ್ನೂರಿನ ಶ್ರೀ ರಂಭಾಪುರಿ ಪೀಠದ ದರ್ಶನ ಮುಗಿಸಿ ಧರ್ಮಸ್ಥಳಕ್ಕೆ ಇಳಿಯುವ ಭಕ್ತರಿಗೂ, ಮೂಡಿಗೆರೆಯ ಕಡೆಯಿಂದ ಕಳಸ, ಹೊರನಾಡುಗಳಿಗೆ ಹೋಗುವ ಯಾತ್ರಿಕರಿಗೂ ಕೊಟ್ಟಿಗೆಹಾರ ಅಪರಿಚಿತ ಸ್ಥಳವೇನಲ್ಲ. ಬಣಕಲ್ ದಾಟಿ ಬಂದ ಹೆದ್ದಾರಿ ಇಲ್ಲಿಂದ ಮುಂದೆ ಚಾರ್ಮಾಡಿ ಘಾಟಿಯನ್ನು ಇಳಿಯುತ್ತದೆ. ಇನ್ನೊಂದು ರಸ್ತೆ ಕಾಫಿ ತೋಟಗಳ ನಡುವೆ ಹೊರಳಿ ಕಳಸದ ಕಡೆಗೆ ಸಾಗುತ್ತದೆ. ಈ ಕೂಡುರಸ್ತೆಯಲ್ಲಿ ವಾಹನ ನಿಲ್ಲಿಸಿ ಬಿಸಿಬಿಸಿಯಾದ ನೀರುದೋಸೆ ತಿನ್ನದೆ ಮುಂದೆ ಹೋದವರು ವಿರಳ. ಸಾಹಿತ್ಯಪ್ರಿಯರು ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವನ್ನು ನೋಡಲು ಬರುತ್ತಾರೆ. ಉಳಿದವರಿಗೆ ಇದು ಮಂಜು, ಮಳೆ ಮತ್ತು ದೋಸೆಯ ಊರು.

ಹೆಸರಿನಲ್ಲಿಯೇ ಕೊಟ್ಟಿಗೆಯನ್ನು ಇಟ್ಟುಕೊಂಡಿರುವ ಈ ಊರಿನಲ್ಲಿ ಇಂದು ಎತ್ತಿನ ಗಾಡಿ ಕಾಣುವುದು ಅಪರೂಪ. ಹಿಂದೆ ಹಾಗಿರಲಿಲ್ಲ. ಮೋಟಾರು ವಾಹನಗಳು ಬರುವ ಮೊದಲು ಈ ಸೀಮೆಯ ಕಾಫಿಯೆಲ್ಲ ಗಾಡಿಗಳ ಮೇಲೆ ಘಟ್ಟವಿಳಿದು ಮಂಗಳೂರಿನ ಕ್ಯೂರಿಂಗ್ ಕಾರ್ಖಾನೆಗಳನ್ನು ಸೇರಬೇಕಾಗಿತ್ತು. ಕಡಿದಾದ ಇಳಿಜಾರಿನಲ್ಲಿ ಭಾರದ ಗಾಡಿಯನ್ನು ತಡೆದು ನಡೆಯುವ ಎತ್ತುಗಳು, ಅವುಗಳ ಕೊರಳ ಗಂಟೆ, ಗಾಡಿಯವನ ಬಾರುಕೋಲಿನ ಸದ್ದು ಇವೆಲ್ಲ ಈ ಕಣಿವೆಗೆ ಪರಿಚಿತವಾಗಿದ್ದವು. ನಾನು ಕಳೆದ ಮಾಘಮಾಸದಲ್ಲಿ ಇಲ್ಲಿಗೆ ಹೋದದ್ದು ಅಂಥದೊಂದು ಬಾರುಕೋಲನ್ನು ಕೊಳ್ಳುವುದಕ್ಕಾಗಿ.

ನಮ್ಮದು ಕಡೂರಿನ ಬಯಲುಸೀಮೆ. ಮನೆಯಲ್ಲಿ ಅಮೃತ ಮಹಲ್ ತಳಿಯ ಒಂದು ಜೊತೆ ಹೋರಿಗಳಿವೆ. ಈ ತಳಿಯ ಪರಿಚಯವನ್ನು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯಾಗಿದ್ದು ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಎಂಬ ಹೆಸರು ಪಡೆದ ಈ ರಾಸುಗಳು ಸೈನ್ಯದ ಫಿರಂಗಿ, ಸರಂಜಾಮುಗಳನ್ನು ಎಳೆದವು. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರದಲ್ಲಿ ಇವತ್ತಿಗೂ ಇವನ್ನು ಕಾಪಾಡಿಕೊಂಡು ಬರಲಾಗುತ್ತಿದೆ. ನಡಿಗೆಯಲ್ಲಿ ಚುರುಕು, ಸ್ವಭಾವದಲ್ಲಿ ಬಿರುಸು. ಜಾತ್ರೆಯ ಗಾಡಿಗೆ ಕಟ್ಟಿ ಪಳಗಿಸುವಾಗ ಲಾರಿಯ ಹಾರನ್ನಿಗೆ ಬೆದರಿ ಎಡಬಲ ನೋಡದೆ ನುಗ್ಗುತ್ತವೆ. ಸಂತೆಯಿಂದ ತಂದ ನೈಲಾನು ಹುರಿಯ ಚಾವಟಿ ಒಂದೇ ಏಟಿಗೆ ಎಡಗಡೆಯ ಹೋರಿಯ ತೊಡೆಯ ಚರ್ಮವನ್ನು ಗೀರಿಬಿಟ್ಟಿತು. ಅದನ್ನು ಅಂದೇ ಒಲೆಗೆ ಹಾಕಿದೆವು. ಕೊಟ್ಟಿಗೆಹಾರದಲ್ಲಿ ಕೈಯಿಂದಲೇ ಚರ್ಮದ ಬಾರುಕೋಲು ಹೆಣೆಯುವ ಮುದುಕರೊಬ್ಬರು ಇದ್ದಾರೆಂದು, ಅವರ ಬಾರು ಸದ್ದು ಮಾಡುತ್ತದೆಯೇ ಹೊರತು ಗಾಯ ಮಾಡುವುದಿಲ್ಲವೆಂದು ಯಾತ್ರಾರ್ಥಿಗಳನ್ನು ಕರೆದೊಯ್ಯುವ ವ್ಯಾನಿನ ಚಾಲಕರೊಬ್ಬರು ತಿಳಿಸಿದರು.

ಹೊರಡುವ ಮುನ್ನಾದಿನ ಅವ್ವ ಒಂದು ಮಾತು ಕೇಳಿದರು: “ಎತ್ತನ್ನು ಬಸವಣ್ಣ ಅಂತ ಕೈಮುಗಿಯೋ ಮನೆಗೆ ಚರ್ಮದ ಚಾವಟಿ ತರ್ತೀಯೇನಪ್ಪ?”

ಅವ್ವನ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿದ್ದವು. ಬಸವನ ಬೆನ್ನಿಗೆ ಏಟೇಕೆ ಎಂಬುದು ಒಂದು. ಲಿಂಗಪೂಜೆ ನಡೆಯುವ ಮನೆಗೆ ಚರ್ಮವೇಕೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನಲ್ಲಿ ಆಗ ಸರಿಯಾದ ಉತ್ತರವಿರಲಿಲ್ಲ. ಎರಡನೆಯದಕ್ಕೆ ಉತ್ತರ ನಮ್ಮ ಧರ್ಮದ ಚರಿತ್ರೆಯಲ್ಲಿಯೇ ಇದೆ. ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಹೊಲಿದ ಹರಳಯ್ಯ, ಕಲ್ಯಾಣಮ್ಮ ದಂಪತಿಗಳ ಕಥೆಯನ್ನು ಕೇಳದೆ ಬೆಳೆದ ಮಗು ನಮ್ಮ ಮನೆಗಳಲ್ಲಿ ಇಲ್ಲ. ಬಸವಣ್ಣನವರು ಆ ಪಾದರಕ್ಷೆಗಳನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತರು. ಡೋಹರ ಕಕ್ಕಯ್ಯನವರು ಚರ್ಮ ಹದಮಾಡುವ ಕಾಯಕದವರು. ‘ಕಾಮಧೂಮ ಧೂಳೇಶ್ವರ’ ಎಂಬ ಅಂಕಿತದಲ್ಲಿ ಅನುಭಾವದ ವಚನಗಳನ್ನು ಬರೆದ ಮಾದಾರ ಧೂಳಯ್ಯನವರದೂ ಚರ್ಮದ ಕಾಯಕವೇ. ಇಷ್ಟಕ್ಕೂ ನಂದಿಕೋಲಿನ ಮುಂದೆ ಬಾರಿಸುವ ಕರಡೆ, ಸಮ್ಮೇಳಗಳಿಗೆ ಬಿಗಿದಿರುವುದು ಚರ್ಮವಲ್ಲದೆ ಮತ್ತೇನು?

ಬೆಳಗಿನ ಹತ್ತು ಗಂಟೆಗೆ ನಾನೂ ನಮ್ಮ ಭಾವನವರೂ ಕೊಟ್ಟಿಗೆಹಾರ ತಲುಪಿದೆವು. ಮಾಘದ ಬಿಸಿಲು, ಆದರೂ ಘಾಟಿಯ ಕಡೆಯಿಂದ ತಣ್ಣನೆಯ ಗಾಳಿ. ತೋಟಗಳಲ್ಲಿ ಕಾಫಿಯ ಕೊಯ್ಲು ಮುಗಿಯುತ್ತ ಬಂದಿತ್ತು, ಕಣಗಳಲ್ಲಿ ಹಣ್ಣು ಒಣಗುತ್ತಿತ್ತು. ಈ ಬೆಟ್ಟಸಾಲಿನ ವಿಶೇಷವೆಂದರೆ ಒಂದು ಮಗ್ಗುಲಿಗೆ ಬಿದ್ದ ಮಳೆ ನೇತ್ರಾವತಿಯನ್ನು ಸೇರಿ ಪಡುವಣ ಕಡಲಿಗೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ಇದೇ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿಯೊಡನೆ ಕಾವೇರಿಗೆ ಕೂಡಿ ಮೂಡಣ ಕಡಲನ್ನು ಮುಟ್ಟುತ್ತದೆ. ಆ ಮಳೆಯ ರಭಸವೂ ಸಾಮಾನ್ಯವಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಗುಡ್ಡಗಳು ಕುಸಿದು ಘಾಟಿಯ ಸಂಚಾರವೇ ನಿಂತುಹೋಗಿತ್ತು.

ಅಜ್ಜನವರ ಕೆಲಸದ ಜಾಗವೆಂದರೆ ಮೂರು ಕಡೆ ತಗಡು, ಒಂದು ಕಡೆ ಬಯಲು. ಎಪ್ಪತ್ತು ದಾಟಿದ ವಯಸ್ಸು. ತೋಟದ ಕೆಲಸಗಾರರ ಮೆಟ್ಟು, ಶಾಲಾ ಮಕ್ಕಳ ಚೀಲ ಇವುಗಳ ರಿಪೇರಿಯೇ ನಿತ್ಯದ ಆದಾಯ. ಬಾರುಕೋಲು ಹೇಳಿದವರಿಗೆ ಮಾತ್ರ. ನಾವು ಹದಿನೈದು ದಿನ ಮುಂಚೆಯೇ ಹೇಳಿಕಳುಹಿಸಿದ್ದರಿಂದ ಬಾರಿನ ಕೆಲಸ ಮುಕ್ಕಾಲು ಮುಗಿದಿತ್ತು; ಉಳಿದ ಕಾಲುಭಾಗವನ್ನು ನಮ್ಮ ಕಣ್ಣೆದುರಿಗೇ ಮಾಡಿದರು. ಅವರ ಹೆಸರನ್ನು ಬರೆಯಬಾರದೆಂದು ಅವರೇ ಕೇಳಿಕೊಂಡದ್ದರಿಂದ ಇಲ್ಲಿ ಅಜ್ಜನೆಂದೇ ಕರೆದಿದ್ದೇನೆ.

ಒಂದು ಬಾರು ಹೇಗೆ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲು ಚರ್ಮದ ಆಯ್ಕೆ. ಪ್ರಾಣಿಯ ಹೊಟ್ಟೆಯ ಭಾಗದ ಚರ್ಮ ಎಳೆದಷ್ಟೂ ಹಿಗ್ಗುತ್ತದೆ. ಬಾರಿಗೆ ಬೆನ್ನಿನ ಭಾಗವೇ ಆಗಬೇಕು. ಒಳಗಿನ ತಿರುಳಿಗೆ ಎಮ್ಮೆಯ ಚರ್ಮ, ಮೇಲಿನ ಹೆಣಿಗೆಗೆ ಆಡಿನ ಚರ್ಮ. ಇವರ ತಂದೆ ಚರ್ಮವನ್ನು ತಾವೇ ಹದಮಾಡುತ್ತಿದ್ದರಂತೆ. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದು, ತಂಗಡಿಯ ಚಕ್ಕೆ, ಅಳಲೆಕಾಯಿಗಳ ಒಗರು ನೀರಿನಲ್ಲಿ ವಾರಗಟ್ಟಲೆ ಇಟ್ಟು, ತುಳಿದು, ಎಣ್ಣೆಯುಣಿಸಬೇಕು. ಆ ನಾತವನ್ನೂ ಆ ದುಡಿಮೆಯನ್ನೂ ಊರು ಅವರಿಗೆ ಬಿಟ್ಟುಕೊಟ್ಟು, ಅದೇ ಕಾರಣಕ್ಕೆ ಅವರನ್ನು ಊರ ಹೊರಗೆ ಇಟ್ಟಿತ್ತು. ಈಗ ಹದವಾದ ಚರ್ಮ ತಮಿಳುನಾಡಿನ ರಾಣಿಪೇಟೆ, ವಾಣಿಯಂಬಾಡಿ ಕಡೆಯಿಂದ ವ್ಯಾಪಾರಿಗಳ ಮೂಲಕ ಬರುತ್ತದೆ. ತೊಗಟೆಯಲ್ಲಿ ಹದಮಾಡಿದ ಚರ್ಮವನ್ನೇ ಅಜ್ಜ ಕೇಳಿ ತರಿಸುತ್ತಾರೆ. ರಾಸಾಯನಿಕದಲ್ಲಿ ಬೇಗ ಹದವಾದದ್ದು ಮಳೆಗೆ ತಡೆದರೂ ಹೆಣಿಗೆಯಲ್ಲಿ ಬಿಗಿಯಾಗಿ ಕೂರುವುದಿಲ್ಲವೆಂಬುದು ಅವರ ಅನುಭವ.

ಉದ್ದನೆಯ ಎಳೆ ಸಿಗಬೇಕಾದರೆ ಚರ್ಮವನ್ನು ನೇರವಾಗಿ ಕತ್ತರಿಸಿದರೆ ಸಾಲದು. ದುಂಡಗಿನ ತುಂಡನ್ನು ಅಂಚಿನಿಂದ ಸುತ್ತುಸುತ್ತಾಗಿ ಒಳಕ್ಕೆ ಕತ್ತರಿಸುತ್ತ ಹೋಗುತ್ತಾರೆ, ಚಕ್ಕುಲಿಯನ್ನು ಬಿಚ್ಚಿದ ಹಾಗೆ. ಬಳಿಕ ರಂಪಿಗೆಯಿಂದ ಅಂಚುಗಳನ್ನು ಹೆರೆಯುತ್ತಾರೆ. ಹಿಡಿಯ ಹತ್ತಿರ ಎಂಟು ಎಳೆಗಳ ಹೆಣಿಗೆ. ಮುಂದೆ ಹೋದಂತೆ ಎರಡೆರಡು ಎಳೆಗಳನ್ನು ಒಳಗೆ ಮುಚ್ಚಿ ಆರಕ್ಕೆ, ಕೊನೆಗೆ ನಾಲ್ಕಕ್ಕೆ ಇಳಿಸುತ್ತಾರೆ. ನಮ್ಮ ಮನೆಯ ಹೆಣ್ಣುಮಕ್ಕಳು ಜಡೆ ಹೆಣೆಯುವಾಗ ತುದಿ ಸಣ್ಣಗಾಗುವುದಿಲ್ಲವೆ, ಹಾಗೆ. ಹೆಣೆದದ್ದನ್ನು ಎರಡು ಹಲಗೆಗಳ ನಡುವೆ ಉರುಳಿಸಿ ದುಂಡಾಗಿಸುತ್ತಾರೆ. ತುದಿಯಲ್ಲಿ ಗೇಣುದ್ದದ ಕತ್ತಾಳೆ ನಾರಿನ ಹುರಿ. ಅದು ಸವೆದಾಗ ಬೇರೆ ಹಾಕಿಕೊಳ್ಳಬಹುದು. ಹಿಡಿಗೆ ಹಳೆಯ ಕಾಫಿ ಗಿಡದ ಕೋಲು, ಕಲ್ಲಿನಂತೆ ಗಟ್ಟಿ, ಹಿಡಿದರೆ ನುಣುಪು. ತೋಟದವರು ಮುದಿ ಗಿಡ ಕಿತ್ತಾಗ ಒಂದೆರಡನ್ನು ಇವರಿಗಾಗಿ ತೆಗೆದಿಡುತ್ತಾರಂತೆ.

ಕೆಲಸ ಮುಗಿದ ಮೇಲೆ ಅಜ್ಜ ಬಯಲಿಗೆ ಬಂದು ನಮ್ಮನ್ನು ಹಿಂದೆ ಸರಿಯಲು ಹೇಳಿ ಕೈ ಬೀಸಿದರು. ಬಾರು ನೆಲವನ್ನಾಗಲಿ ಗಿಡವನ್ನಾಗಲಿ ಸೋಕಲಿಲ್ಲ. ತಲೆಯ ಮೇಲೆ, ಬರಿಯ ಗಾಳಿಯಲ್ಲಿ, ಪಟಾಕಿ ಸಿಡಿದಂತೆ ಸದ್ದಾಯಿತು. ಈ ಸದ್ದಿನ ಗುಟ್ಟನ್ನು ವಿಜ್ಞಾನಿಗಳು ಬಹುಕಾಲ ಹುಡುಕಿದ್ದಾರೆ. ಬಾರಿನ ತುದಿ ಶಬ್ದಕ್ಕಿಂತ ವೇಗವಾಗಿ, ಎಂದರೆ ಸೆಕೆಂಡಿಗೆ ಸುಮಾರು 340 ಮೀಟರನ್ನು ಮೀರಿ ಚಲಿಸುವುದರಿಂದ ಗಾಳಿಯೇ ಸಿಡಿಯುತ್ತದೆ. 1927ರಲ್ಲಿ ಕ್ಯಾರಿಯೇರ್ ಎಂಬ ವಿಜ್ಞಾನಿ ಇದರ ಛಾಯಾಚಿತ್ರಗಳನ್ನು ತೆಗೆದರು. ಕೈ ಕೊಟ್ಟ ಒಂದು ಸುತ್ತು ಬುಡದಿಂದ ತುದಿಗೆ ಓಡುತ್ತ, ಬಾರು ಸಣ್ಣಗಾದಂತೆ ವೇಗವನ್ನು ಹೆಚ್ಚಿಸಿಕೊಳ್ಳುವ ಬಗೆಯನ್ನು 2002ರಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಗಣಿತಜ್ಞರು ಲೆಕ್ಕಹಾಕಿ ತೋರಿಸಿದರು. ಅಜ್ಜನವರ ಲೆಕ್ಕವೂ ಅದೇ. ಎಂಟು, ಆರು, ನಾಲ್ಕು.

“ಸದ್ದು ಬರದ ಬಾರು ಹಿಡಿದವನೇ ಎತ್ತಿಗೆ ಹೊಡೀತಾನೆ ಸ್ವಾಮಿ. ಸದ್ದು ಬಂದರೆ ಎತ್ತಿಗೆ ದಾರಿ ಗೊತ್ತಾಗತದೆ, ಎಡಕ್ಕೆ ಸದ್ದಾದರೆ ಬಲಕ್ಕೆ ಸರೀತದೆ. ಹೊಡೆಯೋ ಕೆಲಸ ಎಲ್ಲಿ ಬಂತು?” ಎಂದರು.

ಅವ್ವನ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿ ದೊರೆಯಿತು. ಕೋಲಿನ ತುದಿಗೆ ಮೊಳೆ ಹಾಕಿಕೊಡುವಂತೆ ಕೇಳುವವರೂ ಬರುತ್ತಾರಂತೆ. ಅಂಥವರನ್ನು ಅಜ್ಜ ವಾಪಸು ಕಳುಹಿಸುತ್ತಾರೆ. ಮುಳ್ಳು, ಮೊಳೆಗಳಿರುವ ಕೋಲಿನಿಂದ ಎತ್ತನ್ನು ಹೊಡೆಯುವುದನ್ನು ಕೇಂದ್ರ ಸರ್ಕಾರದ 1965ರ ನಿಯಮಗಳು ನಿಷೇಧಿಸಿವೆ ಎಂದು ನಾನು ಹೇಳಿದಾಗ, “ಸರ್ಕಾರ ಹೇಳಬೇಕಾ ಇದನ್ನ?” ಎಂದು ನಕ್ಕರು. ದನ ಕಾಯುವ ಕಾಯಕದಲ್ಲಿಯೇ ಶಿವನನ್ನು ಕಂಡ ತುರುಗಾಹಿ ರಾಮಣ್ಣನವರು ನೆನಪಾದರು. ಅವರ ಕೈಯಲ್ಲೂ ಒಂದು ಕೋಲು ಇದ್ದಿರಬೇಕು.

ಮಾತಿನ ನಡುವೆ ಅಜ್ಜ ಇನ್ನೊಂದು ವಿಷಯ ಹೇಳಿ ಸುಮ್ಮನಾದರು: “ನಮ್ಮಜ್ಜನ ಕಾಲದಲ್ಲಿ ಇದು ಎತ್ತಿಗೆ ಮಾತ್ರ ಅಂತ ಇರಲಿಲ್ಲ ಬಿಡಿ.” ಯಾರ ಬೆನ್ನಿಗೆ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಘಟ್ಟದ ಕೆಳಗಿನಿಂದ ಕೂಲಿಗೆ ಹತ್ತಿ ಬಂದವರ ಬೆವರಿನಿಂದ ಬೆಳೆದ ತೋಟಗಳು ಸುತ್ತಲೂ ಹಸಿರಾಗಿ ನಿಂತಿದ್ದವು. ಅದೇ ವಸ್ತು ಕಾಲಾಂತರದಲ್ಲಿ ದುಡಿಯುವವರ ಕೈಯನ್ನೂ ಸೇರಿದ್ದು ಒಂದು ಸೋಜಿಗ. ನಮ್ಮ ನಾಡಿನ ರೈತರು ಹಸಿರು ಶಾಲು ಹೊದ್ದು, ‘ಬಾರುಕೋಲು ಚಳವಳಿ’ ಎಂಬ ಹೆಸರಿನಿಂದಲೇ ಸರ್ಕಾರಿ ಕಚೇರಿಗಳ ಮುಂದೆ ಇದನ್ನು ಬೀಸಿದ್ದಾರೆ. ಅಜ್ಜನಿಗೆ ಇತ್ತೀಚೆಗೆ ಬರುವ ಬೇಡಿಕೆಯಲ್ಲಿ ಬಹುಪಾಲು ಸಭೆಗಳಲ್ಲಿ ಗಣ್ಯರಿಗೆ ಕಾಣಿಕೆ ಕೊಡುವುದಕ್ಕೆ. “ಅವಕ್ಕೆ ಸದ್ದು ಬರದಿದ್ದರೂ ನಡೀತದೆ, ಯಾರೂ ಬೀಸಿ ನೋಡಲ್ಲ” ಎಂಬ ಅವರ ಮಾತಿಗೆ ಭಾವನವರು ಬಹಳ ಹೊತ್ತು ನಗುತ್ತಿದ್ದರು.

ಬೆಲೆ 1,800 ರೂಪಾಯಿ ಎಂದರು. ಭಾವನವರಿಗೆ ವ್ಯಾಪಾರದ ಕೈ, 1,200ಕ್ಕೆ ಕೇಳಿದರು. ನಾನು ತಡೆದೆ. ಚರ್ಮಕ್ಕೆ 600 ರೂಪಾಯಿಯಂತೆ. ಉಳಿದ 1,200 ಮೂರು ದಿನದ ಕೆಲಸದ ಕೂಲಿ. ನಮ್ಮ ಊರಿನಲ್ಲಿ ಗೋಡೆಗೆ ಬಣ್ಣ ಬಳಿಯುವವರಿಗೆ ದಿನಕ್ಕೆ ಅದಕ್ಕಿಂತ ದುಪ್ಪಟ್ಟು ಕೊಡುತ್ತೇವೆ, ಚೌಕಾಸಿ ಮಾಡುವುದಿಲ್ಲ. ವೇದಿಕೆಯ ಮೇಲೆ ಕಾಯಕದ ಮಹತ್ವವನ್ನು ಕುರಿತು ಗಂಟೆಗಟ್ಟಲೆ ಮಾತನಾಡುವ ನಾವು ಕಾಯಕದವನ ಎದುರು ನಿಂತಾಗ 600 ರೂಪಾಯಿ ಇಳಿಸಲು ಹವಣಿಸುವುದು ನನಗೆ ಸರಿಕಾಣಲಿಲ್ಲ. ಭಾವನವರು ಒಪ್ಪಿದರು; ಪೂರ್ಣ ಮನಸ್ಸಿನಿಂದಲ್ಲ ಎನ್ನುವುದನ್ನೂ ಹೇಳಿಬಿಡಬೇಕು.

ಹಣ ಎಣಿಸಿ ಕೊಟ್ಟಾಗ ಅಜ್ಜ ಬಾರುಕೋಲನ್ನು ಸುರುಳಿ ಸುತ್ತಿ, ನನ್ನ ಕೈಗೆ ಕೊಡದೆ, ನಮ್ಮಿಬ್ಬರ ನಡುವಿನ ಹಲಗೆಯ ಮೇಲೆ ಇಟ್ಟು ಕೈ ಹಿಂದೆಗೆದುಕೊಂಡರು. ನನ್ನ ಹಣೆಯ ವಿಭೂತಿ, ಕೊರಳಿನ ಕರಡಿಗೆಯ ದಾರಗಳನ್ನು ಅವರು ಮೊದಲೇ ಗಮನಿಸಿದ್ದರು. ಎಪ್ಪತ್ತು ವರ್ಷಗಳ ರೂಢಿ ಆ ಕೈಯನ್ನು ಹಾಗೆ ತಡೆಯಿತು. “ಅಜ್ಜಾ, ಕೈಗೇ ಕೊಡಿ” ಎಂದು ಎರಡೂ ಕೈ ಚಾಚಿದೆ. ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಮತ್ತೆ ಎತ್ತಿ ಕೊಟ್ಟರು. ಅವರ ಬೆರಳುಗಳು ಕಾಫಿಕೋಲಿಗಿಂತ ಒರಟಾಗಿದ್ದವು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಲಗ್ನವಾಗಿ ಎಂಟುನೂರು ವರ್ಷಗಳ ಮೇಲಾಯಿತು.

ಮನೆಗೆ ಬಂದ ಮೇಲೆ ಅವ್ವ ಎರಡು ದಿನ ಏನನ್ನೂ ಹೇಳಲಿಲ್ಲ. ಅಂಗಳದಲ್ಲಿ ಹೋರಿಗಳು ಸದ್ದಿಗೆ ಮಾತ್ರವೇ ತಿರುಗುವುದನ್ನು ನಿಂತು ನೋಡಿದರು. ಬಸವ ಜಯಂತಿಯ ದಿನ ಎತ್ತುಗಳ ಮೈತೊಳೆದು ಪೂಜೆ ಮಾಡುವಾಗ ನೊಗ, ನೇಗಿಲು, ಮಿಣಿಗಳ ಸಾಲಿನಲ್ಲಿ ಬಾರುಕೋಲನ್ನೂ ಇರಿಸಿ ಅದಕ್ಕೂ ವಿಭೂತಿ ಹಚ್ಚಿದರು.

ಕೊಳ್ಳಲು ಹೋಗುವ ಬಂಧುಗಳಿಗೆ ಒಂದೆರಡು ಮಾತು. ಬಾರನ್ನು ಮೊಳೆಗೆ ನೇತುಹಾಕಿದರೆ ಮಡಿಕೆಯಲ್ಲಿ ಸೀಳುತ್ತದೆ. ಅಗಲವಾದ ಗೂಟಕ್ಕೆ ಸುರುಳಿಯಾಗಿ ಹಾಕಬೇಕು. ಎರಡು ತಿಂಗಳಿಗೊಮ್ಮೆ ಹರಳೆಣ್ಣೆಯಲ್ಲಿ ಸ್ವಲ್ಪ ಜೇನುಮೇಣ ಕರಗಿಸಿ ಉಜ್ಜಬೇಕು, ಇಲ್ಲವಾದರೆ ಬೂಜು ಹಿಡಿಯುತ್ತದೆ. ಮಕ್ಕಳ ಕೈಗೆ ಕೊಡಬಾರದು, ಕಣ್ಣಿಗೆ ಅಪಾಯ. ನಮ್ಮ ಪಕ್ಕದ ಮನೆಯವರಿಗೂ ಒಂದು ಬೇಕೆಂದು ಜ್ಯೇಷ್ಠ ಮಾಸದಲ್ಲಿ ಅಜ್ಜನಿಗೆ ಹೇಳಿಕಳುಹಿಸಿದ್ದೆ. ಮಳೆ ಹಿಡಿದಿದೆ, ಈ ತೇವದಲ್ಲಿ ಚರ್ಮ ಹೆಣೆದರೆ ಒಣಗಿದ ಮೇಲೆ ಸಡಿಲವಾಗುತ್ತದೆ, ದೀಪಾವಳಿ ಕಳೆದ ಮೇಲೆ ಬನ್ನಿ ಎಂದು ಉತ್ತರ ಬಂದಿತು. ಮುಂಗಡ ಬೇಡವೆಂದೂ ತಿಳಿಸಿದ್ದಾರೆ.