ಭೀಮೆಯ ದಂಡೆಯಲ್ಲಿ ಒಂದು ರಾತ್ರಿಯ ಅರಸರು

ಕಲಬುರಗಿಯಿಂದ ದಕ್ಷಿಣಕ್ಕೆ ಹೊರಟ ಬಸ್ಸು ಕಟ್ಟಿಸಂಗಾವಿಯ ಬಳಿ ಭೀಮಾನದಿಯನ್ನು ದಾಟುತ್ತದೆ. ಬೇಸಿಗೆಯಲ್ಲಿ ಸೊರಗಿ ಮಲಗಿರುವ ಈ ಹೊಳೆಯನ್ನು ಕಂಡವರಿಗೆ, 2020ರ ಅಕ್ಟೋಬರಿನಲ್ಲಿ ದಂಡೆಯ ಊರೂರನ್ನು ನುಗ್ಗಿ ಜನರನ್ನು ಎತ್ತರದ ಜಾಗಗಳಿಗೆ ಅಟ್ಟಿದ ನದಿ ಇದೇ ಎಂದರೆ ನಂಬಿಕೆ ಬಾರದು. ಸೇತುವೆ ಹಿಂದಾದ ಮೇಲೆ ಎರಡು ಬದಿಗೂ ಕಣ್ಣು ಹರಿಯುವಷ್ಟು ದೂರ ಕರಿಯ ಎರೆನೆಲ. ತೊಗರಿ ಕಿತ್ತು, ಬಿಳಿಜೋಳ ಕೊಯ್ದು ಮುಗಿದ ಹೊಲಗಳು ಬಿಸಿಲಿಗೆ ಬಾಯ್ದೆರೆದು ಬಿದ್ದಿರುತ್ತವೆ. ಕಲಬುರಗಿಯಿಂದ ಸುಮಾರು 40 ಕಿಲೋಮೀಟರು ಕಳೆದಾಗ ಜೇವರ್ಗಿ ಬರುತ್ತದೆ. ಹದಿನೇಳನೆಯ ಶತಮಾನದ ವಚನಕಾರ ಷಣ್ಮುಖ ಶಿವಯೋಗಿಗಳ ಊರಿದು. ‘ಅಖಂಡೇಶ್ವರ’ ಎಂಬ ಅಂಕಿತದಲ್ಲಿ ವಚನ ಬರೆದ ಆ ಶರಣರ ಮಠವನ್ನು ನೋಡಿಕೊಂಡು ಬಂದ ದಾರಿಯಲ್ಲೇ ಮರಳುವವರು ಬಹಳ. ಆದರೆ ಈ ಸೀಮೆಯ ಇನ್ನೊಂದು ಮುಖವನ್ನು ಕಾಣಬೇಕಾದವರು ಹಗಲು ಹೋದರೆ ಪ್ರಯೋಜನವಿಲ್ಲ. ಸುಗ್ಗಿ ತೀರಿದ ಮೇಲಿನ ಒಂದು ರಾತ್ರಿ, ಅದರಲ್ಲಿಯೂ ಯಾವುದಾದರೂ ಹಳ್ಳಿಯ ಜಾತ್ರೆಯ ರಾತ್ರಿ, ಹೋಗಬೇಕು. ಆಗ ಅಲ್ಲಿ ದೊಡ್ಡಾಟ.

ದೊಡ್ಡಾಟವೆಂದರೆ ಉತ್ತರ ಕರ್ನಾಟಕದ ಬಯಲಾಟ. ಕರಾವಳಿಯ ಯಕ್ಷಗಾನಕ್ಕೆ ದೂರದ ದಾಯಾದಿ ಎನ್ನಬಹುದು. ಪುರಾಣದ ಕಥೆ, ಭಾರದ ವೇಷ, ನೆಲ ನಡುಗುವ ಕುಣಿತ, ಬೆಳಗಿನವರೆಗಿನ ಹಾಡು ಇದರ ಲಕ್ಷಣ. ಸಂಸಾರದ ಕಥೆಗಳನ್ನು ಹಗುರ ವೇಷದಲ್ಲಿ ಆಡುವ ಸಣ್ಣಾಟ ಇದರಿಂದ ಬೇರೆ. ಆದರೆ ದೊಡ್ಡಾಟವನ್ನು ಬರಿಯ ನಾಟಕವೆಂದು ಎಣಿಸಿದರೆ ಅದರ ಗುಟ್ಟು ತಪ್ಪಿಹೋಗುತ್ತದೆ. ಇಲ್ಲಿ ಆಡುವವರು ಕೂಲಿಗೆ ಬಂದ ನಟರಲ್ಲ, ಆ ಊರಿನವರೇ. ಪಾತ್ರ ಕಟ್ಟುವುದಕ್ಕೆ ಅವರು ಹಣ ಪಡೆಯುವುದಿಲ್ಲ, ತಾವೇ ಕೊಡುತ್ತಾರೆ. ಕಲಿಸುವ ಮಾಸ್ತರರ ಗೌರವಧನ, ಬಾಡಿಗೆಗೆ ತರುವ ವೇಷಭೂಷಣ, ಅಟ್ಟದ ಖರ್ಚು, ದೀಪದ ಖರ್ಚು, ಎಲ್ಲವೂ ಪಾತ್ರಧಾರಿಗಳ ಪಟ್ಟಿಯಿಂದಲೇ ಹುಟ್ಟಬೇಕು. ಒಂದು ರಾತ್ರಿ ಅರಸನಾಗುವ ಸುಖಕ್ಕಾಗಿ ಒಕ್ಕಲಿಗನೊಬ್ಬ ತನ್ನ ಬೆಳೆಯ ಹಣದಲ್ಲಿ ಒಂದು ಪಾಲನ್ನು ತೆಗೆದಿಡುತ್ತಾನೆಂದರೆ ಆ ಸುಖ ಸಾಮಾನ್ಯವಾದುದಲ್ಲ.

ಪ್ರಸಂಗ ಗೊತ್ತಾದ ದಿನದಿಂದ ಜಗಳ ಆರಂಭ. ದ್ರೌಪದಿಯ ವಸ್ತ್ರಾಪಹರಣವೆಂದು ಗೊತ್ತಾಯಿತೆನ್ನಿ. ಭೀಮ ಯಾರು? ಭೀಮೆಯ ದಂಡೆಯಲ್ಲಿ ಭೀಮನಾಗಲು ಬಯಸದವರೇ ಇಲ್ಲ. (ನದಿ ಹುಟ್ಟುವುದು ಮಹಾರಾಷ್ಟ್ರದ ಭೀಮಾಶಂಕರದಲ್ಲಿ, ಪಾಂಡವನನ್ನು ಅದಕ್ಕೆ ಗಂಟು ಹಾಕಬೇಕಿಲ್ಲ ಎಂದು ತಿಳಿಸಿ ಹೇಳುವ ಹುಂಬತನವನ್ನು ಆ ಹೊತ್ತಿನಲ್ಲಿ ಯಾರೂ ಮಾಡಲಾಗದು.) “ಹೋದ ಸಲ ಅಂವ ಆಗ್ಯಾನ, ಈ ಸಲ ನಂದ್ರಿ” ಎಂದು ಒಬ್ಬ, “ಕಂಠ ಇಲ್ಲದಾಂವ ಭೀಮ ಹ್ಯಾಂಗ ಆಗ್ತಾನ್ರಿ ಮಾಸ್ತರ?” ಎಂದು ಇನ್ನೊಬ್ಬ. ಹೆಚ್ಚು ಪಟ್ಟಿ ಕೊಡುವವನಿಗೆ ದೊಡ್ಡ ಪಾತ್ರ, ಹಣವಿಲ್ಲದೆ ಬರಿಯ ಕಂಠವಿದ್ದವನಿಗೆ ದೂತನ ಪಾತ್ರ ಎಂಬ ಅನ್ಯಾಯವೂ ಉಂಟು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬಲ್ಲ ಮಾಸ್ತರರ ಜಾಣ್ಮೆಯೆಲ್ಲ ಇಲ್ಲಿಯೇ ಬೇಕು. ಹೊಲದ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಭೀಮ ದುಶ್ಶಾಸನರನ್ನಾಗಿ ಮಾಡಿದರೆ ಗದೆಯ ಪೆಟ್ಟು ಆಟದ ಪೆಟ್ಟಾಗಿ ಉಳಿಯುವುದಿಲ್ಲ.

ಆಮೇಲೆ ತಾಲೀಮು. ದಿನದ ದುಡಿತ ತೀರಿ, ಊಟವಾದ ಮೇಲೆ, ಗುಡಿಯ ಕಟ್ಟೆಯ ಮೇಲೋ ಚಾವಡಿಯಲ್ಲೋ ಗಂಡಸರು ಕೂಡುತ್ತಾರೆ. ತಿಂಗಳುಗಟ್ಟಲೆ ಇದೇ ಕ್ರಮ. ಮಾಸ್ತರರ ಮುಂದೆ ಹಾರ್ಮೋನಿಯಂ, ಪಕ್ಕದಲ್ಲಿ ಮದ್ದಳೆ, ತಾಳ. ಕೈಬರಹದ ಹಳೆಯ ಪುಸ್ತಕದಿಂದ ಒಂದೊಂದೇ ಪದವನ್ನು ಅವರು ಹೇಳಿಕೊಡುತ್ತಾರೆ, ಇವರು ಒಪ್ಪಿಸುತ್ತಾರೆ. ಓದು ಬಾರದವನಿಗೆ ಕಿವಿಯೇ ಪುಸ್ತಕ. ಈ ಮಾತಿಗೆ ಇಲ್ಲಿ ವಿಶೇಷವಾದ ತೂಕವುಂಟು. 1948ರ ಸೆಪ್ಟೆಂಬರಿನವರೆಗೆ ಈ ನಾಡು ಹೈದರಾಬಾದು ನಿಜಾಮರ ಆಳಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು, ಮೇಲಿನ ಓದಿನ ಭಾಷೆಯೂ ಉರ್ದು. 1956ರಲ್ಲಿ ಕನ್ನಡ ನಾಡು ಒಂದಾದಾಗಷ್ಟೇ ಜೇವರ್ಗಿ ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಯವರೆಗೆ ಶಾಲೆಯ ಮೆಟ್ಟಿಲು ಹತ್ತದ, ಹತ್ತಿದರೂ ಕನ್ನಡ ದೊರೆಯದ ಎಷ್ಟೋ ಮಂದಿಗೆ ಕಂದಪದ್ಯವನ್ನೂ ಷಟ್ಪದಿಯನ್ನೂ ನಾಲಗೆಗೆ ಹತ್ತಿಸಿದುದು ಈ ಕಟ್ಟೆಯ ತಾಲೀಮು. ಸಹಿ ಮಾಡಲು ಹೆಬ್ಬೆಟ್ಟು ಒತ್ತುವವನು ಕೌರವನ ಒಡ್ಡೋಲಗದ ಮಾತನ್ನು ತಡೆಯಿಲ್ಲದೆ ಆಡುವುದು ಈ ಸೀಮೆಯಲ್ಲಿ ಸೋಜಿಗವೆನಿಸುತ್ತಿರಲಿಲ್ಲ.

ಆಟದ ಸಂಜೆ. ಬಯಲಿನಲ್ಲಿ ಕಂಬ ನೆಟ್ಟು, ಹಲಗೆ ಹಾಸಿ ಅಟ್ಟ ಕಟ್ಟಿರುತ್ತಾರೆ. ಅದರ ಹಿಂದಿನ ಮರೆಯಲ್ಲಿ ಬಣ್ಣದ ಕೆಲಸ. ಅರದಾಳದ ಹಳದಿ, ಇಂಗಳೀಕದ ಕೆಂಪು, ಸಫೇತದ ಬಿಳುಪು, ಕಾಡಿಗೆ. ಕನ್ನಡಿಯ ಚೂರು, ಬೇಗಡೆ ಹಚ್ಚಿದ ಕಿರೀಟ, ಭುಜಕೀರ್ತಿ, ಎದೆಹಾರಗಳನ್ನು ಒಂದೊಂದಾಗಿ ಬಿಗಿಯುತ್ತಾರೆ. ಬಿಗಿದ ಮೇಲೆ ಕೂರುವಂತಿಲ್ಲ, ಒರಗುವಂತಿಲ್ಲ. ಆಗ ಆ ಮನುಷ್ಯನ ನಿಲುವೇ ಬೇರೆಯಾಗುತ್ತದೆ. ಅಣಿಯಾಗಿ ನಿಂತ ಕೌರವನನ್ನು ಮನೆಯ ಹೆಸರಿನಿಂದ ಯಾರೂ ಕರೆಯಲಾರರು. ಹಿಂದೆ ಪಂಜಿನ ಬೆಳಕು, ಆಮೇಲೆ ಗ್ಯಾಸ್ ಬತ್ತಿ, ಈಗ ವಿದ್ಯುತ್ತು ಮತ್ತು ಧ್ವನಿವರ್ಧಕ. ಧ್ವನಿವರ್ಧಕದಿಂದ ಕೊನೆಯ ಸಾಲಿನ ಮುದುಕಿಗೂ ಮಾತು ಮುಟ್ಟುತ್ತದೆ, ನಿಜ. ಆದರೆ ಕಂಬಕ್ಕೆ ಕಟ್ಟಿದ ಮೈಕಿನ ಮುಂದೆ ಬಂದು ನಿಲ್ಲಲೇಬೇಕಾದ ಭೀಮನ ಕುಣಿತ ಅರ್ಧಕ್ಕರ್ಧ ಕುಗ್ಗಿದೆಯೆಂಬುದನ್ನೂ ಹೇಳಬೇಕು.

ಗಣಪತಿಯ ಸ್ತುತಿಯಾದ ಮೇಲೆ ಸಾರಥಿ ಬರುತ್ತಾನೆ. ಇಡೀ ರಾತ್ರಿಯ ಲಗಾಮು ಇವನ ಕೈಯಲ್ಲಿ. ಒಳಬಂದ ಪ್ರತಿಯೊಬ್ಬ ಅರಸನನ್ನೂ ಅಡ್ಡಗಟ್ಟಿ, ತಾವು ಯಾರು, ತಮ್ಮ ನಗರ ಯಾವುದು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುವುದು ಅವನ ಹಕ್ಕು. ಅರಸ ತನ್ನ ಬಿರುದು ಬಾವಲಿಗಳನ್ನು ಸುರಿಯಬೇಕು. ಕಲಿತ ಮಾತು ಒಂದಿಷ್ಟು. ಉಳಿದುದು ಆ ಕ್ಷಣಕ್ಕೆ ಹುಟ್ಟಿದ್ದು. ನಿಜವಾದ ಪರೀಕ್ಷೆ ಬರುವುದು ನಡುರಾತ್ರಿ. ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ ಹುಡುಗನೊಬ್ಬ, ಇಡೀ ಊರು, ಬೀಗರು, ನೆರೆಹಳ್ಳಿಯವರು ನೋಡುತ್ತಿರುವಾಗ, ಮಾತು ಮರೆತು ನಿಂತುಬಿಡುತ್ತಾನೆ. ಮದ್ದಳೆ ಒಂದು ಸುತ್ತು ತಿರುಗುತ್ತದೆ, ಎರಡು ಸುತ್ತು ತಿರುಗುತ್ತದೆ. ಅಟ್ಟದ ಕೆಳಗೆ ಕುಳಿತ ತಂದೆ ತಲೆ ತಗ್ಗಿಸುತ್ತಾನೆ. ಆ ಹೊತ್ತಿನಲ್ಲಿ ಸಾರಥಿ ಒಂದು ಪ್ರಶ್ನೆಯನ್ನು ಎಸೆಯುತ್ತಾನೆ. ಪ್ರಶ್ನೆಯೊಳಗೇ ಮರೆತ ಮಾತಿನ ತುದಿಯನ್ನು ಸಿಕ್ಕಿಸಿರುತ್ತಾನೆ. ಹುಡುಗ ಅದನ್ನು ಹಿಡಿದು ಹೊರಡುತ್ತಾನೆ. ಸಭಿಕರು ನಗುತ್ತಾರೆ, ಆದರೆ ಅವನನ್ನು ನೋಡಿ ಅಲ್ಲ, ಸಾರಥಿಯ ಹಾಸ್ಯಕ್ಕೆ. ಇಷ್ಟನ್ನು ಮಾಡಬಲ್ಲ ಒಬ್ಬನಿದ್ದರೆ ಆಟ ಗೆದ್ದಂತೆ. ಇಲ್ಲದಿದ್ದರೆ ಎಷ್ಟು ಬೆಲೆಯ ಕಿರೀಟ ತಂದರೂ ವ್ಯರ್ಥ.

ಯುರೋಪು ಅಮೆರಿಕಗಳ ನಗರವಾಸಿಗಳು ಇಂಥದೇ ಹಂಬಲವನ್ನು ಬಹಳ ತಡವಾಗಿ ಕಂಡುಕೊಂಡರು. 1982ರಲ್ಲಿ ಇಂಗ್ಲೆಂಡಿನ ಚೆಷೈರ್ ಪ್ರಾಂತದ ಪೆಕ್‌ಫರ್ಟನ್ ಕೋಟೆಯಲ್ಲಿ ‘ಟ್ರೆಷರ್ ಟ್ರ್ಯಾಪ್’ ಎಂಬ ವಿನೋದ ಆರಂಭವಾಯಿತು. ಬಂದವರು ವೀರರ ವೇಷ ತೊಟ್ಟು ಕೋಟೆಯೊಳಗೆ ಸಾಹಸಗಳನ್ನು ತಾವೇ ಆಡುತ್ತಿದ್ದರು. 1997ರಲ್ಲಿ ನಾರ್ವೆಯ ಆಸ್ಲೋ ನಗರದಲ್ಲಿ ಇಂಥ ಆಟಗಳನ್ನು ಆಡುವವರೂ ಆಡಿಸುವವರೂ ಸಮ್ಮೇಳನವೊಂದನ್ನು ಕೂಡಿದರು. ಅಂದಿನಿಂದ ಅದು ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದೇಶಗಳಲ್ಲಿ ಸರದಿಯಂತೆ ಸೇರುತ್ತ ಬಂದಿದೆ. ಪಾತ್ರವನ್ನು ಯಾರಿಗೆ ಹಂಚಬೇಕು, ನಡುವೆ ತಡವರಿಸಿದವನನ್ನು ಹೇಗೆ ಎತ್ತಬೇಕು ಎಂದು ಅಲ್ಲಿ ವಿದ್ವತ್ಪೂರ್ಣ ಚರ್ಚೆಗಳು ನಡೆಯುತ್ತವೆ. ಭೀಮೆಯ ದಂಡೆಯ ಯಾವ ಸಾರಥಿಯಾದರೂ ಆ ಚರ್ಚೆಯಲ್ಲಿ ಕುಳಿತು ಎರಡು ಮಾತು ಸೇರಿಸಬಲ್ಲ. ಒಂದು ವ್ಯತ್ಯಾಸವುಂಟು. ಅಲ್ಲಿಯ ಆಟಕ್ಕೆ ನೋಡುವವರಿಲ್ಲ; ಎಲ್ಲರೂ ಆಡುವವರೇ. ಇಲ್ಲಿ ನೋಡುವವರಿಲ್ಲದೆ ಆಟವೇ ಇಲ್ಲ.

ನೋಡುವವರು ಸುಮ್ಮನೆ ಕೂರುವ ಜನವೂ ಅಲ್ಲ. ಕಥೆ ಏರಿದಂತೆಲ್ಲ ಪಾತ್ರಧಾರಿಯ ನೆಂಟರು ಅಟ್ಟ ಹತ್ತಿ ಆಯೇರಿ ಮಾಡುತ್ತಾರೆ. ದುಶ್ಶಾಸನನಿಗೆ ಅತ್ತೆಮನೆಯಿಂದ ಶಲ್ಯ, ಶಕುನಿಗೆ ಸೋದರಮಾವನಿಂದ ನೋಟಿನ ಹಾರ. ಕೊಟ್ಟವರ ಹೆಸರೆಲ್ಲ ಮೈಕಿನಲ್ಲಿ. ಸೀರೆಯ ಸೆರಗು ದುಶ್ಶಾಸನನ ಕೈಯಲ್ಲಿರುವಾಗಲೇ ಕಥೆ ನಿಂತು, ದ್ರೌಪದಿ ಪಕ್ಕಕ್ಕೆ ಸರಿದು ಕಾಯುತ್ತಾಳೆ. ಪಟ್ಟಣದ ಪ್ರೇಕ್ಷಕನಿಗೆ ಇದು ರಸಭಂಗ. ಊರಿನವರಿಗೆ ಇದೂ ಆಟದ ಭಾಗ. ಯಾರ ಮನೆಯವರು ಯಾರಿಗೆ ಮಾಡಿದರು, ಯಾರು ಮಾಡದೆ ಉಳಿದರು ಎಂಬ ಲೆಕ್ಕ ಮುಂದಿನ ಮದುವೆಯವರೆಗೆ ನೆನಪಿರುತ್ತದೆ.

ದ್ರೌಪದಿ ಎಂದರೆ ದೊಡ್ಡಾಟದಲ್ಲಿ ಬಹುಕಾಲ ಮೀಸೆ ಬೋಳಿಸಿದ ಗಂಡಸೇ. ಸಣ್ಣಾಟದ ಕಡೆ ಹೆಣ್ಣುಮಕ್ಕಳು ಮೊದಲೇ ರಂಗಕ್ಕೆ ಬಂದರು. ಬೆಳಗಾವಿ ಸೀಮೆಯ ಕೌಜಲಗಿ ನಿಂಗಮ್ಮನವರು ಶ್ರೀಕೃಷ್ಣ ಪಾರಿಜಾತದಿಂದ ಹೆಸರಾದರು.

ಈ ಆಟಕ್ಕೆ ಬಾಗಲಕೋಟೆಯಲ್ಲಿ ಕರ್ನಾಟಕ ಬಯಲಾಟ ಅಕಾಡೆಮಿ ಸ್ಥಾಪನೆಯಾಗಿದೆ, ಹಿರಿಯ ಕಲಾವಿದರಿಗೆ ಪ್ರಶಸ್ತಿಗಳು ಸಲ್ಲುತ್ತವೆ. ಆದರೆ ಕಟ್ಟೆಯ ತಾಲೀಮಿಗೆ ಬೇಕಾದುದು ಪ್ರಶಸ್ತಿಯಲ್ಲ, ಜನ. ಹುಡುಗರು ದುಡಿಮೆಗೆಂದು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳ ದಾರಿ ಹಿಡಿದಿದ್ದಾರೆ. ತಿಂಗಳುಗಟ್ಟಲೆ ರಾತ್ರಿ ಊರಲ್ಲಿ ಉಳಿಯುವವರು ಯಾರು? ನಾಲ್ಕು ದಿನದ ರಜೆಯಲ್ಲಿ ಬಂದವನು ಮೂರು ಪದ ಕಲಿತು, ನಾಲ್ಕನೆಯದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗುತ್ತಾನೆ. ಮಾಸ್ತರರಿಗೆ ವಯಸ್ಸಾಗಿದೆ. ಕೈಬರಹದ ಪುಸ್ತಕದ ಅಂಚುಗಳು ಉದುರುತ್ತಿವೆ. ಅದರಲ್ಲಿ ಬರೆಯದೆ ಬಿಟ್ಟ ಮಟ್ಟುಗಳಂತೂ ಅವರ ಗಂಟಲಲ್ಲಿ ಮಾತ್ರ ಇವೆ.

ಮೂಡಣ ಕೆಂಪಾಗುವಾಗ ದುಶ್ಶಾಸನನಿಗೆ ಬುದ್ಧಿ ಬಂದಿರುತ್ತದೆ, ಮಂಗಳಾರತಿ ಬೆಳಗುತ್ತದೆ. ಕಂಬಳಿ ಹೊದ್ದು ಮಲಗಿದ ಮಕ್ಕಳನ್ನು ತಾಯಂದಿರು ಹೆಗಲಿಗೆ ಹಾಕಿಕೊಳ್ಳುತ್ತಾರೆ. ವೇಷದ ಪೆಟ್ಟಿಗೆಯವನು ಕಿರೀಟ, ಭುಜಕೀರ್ತಿಗಳನ್ನು ಎಣಿಸಿ, ಒಡೆದ ಕನ್ನಡಿಗಳಿಗೆ ದಂಡ ಎಷ್ಟೆಂದು ಕೂಗಾಡುತ್ತಾನೆ. ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡ ಕೌರವೇಶ್ವರ ಎಮ್ಮೆ ಕರೆಯಲು ಮನೆಗೆ ನಡೆಯುತ್ತಾನೆ. ಭೀಮಸೇನನಿಗೆ ಅಷ್ಟು ಪುರಸೊತ್ತಿಲ್ಲ. ಅವನು ಕಲಬುರಗಿಯ ಮೊದಲ ಬಸ್ಸು ಹಿಡಿದು, ಅಲ್ಲಿಂದ ರೈಲು ಹಿಡಿಯಬೇಕು. ಬಸ್ಸು ಕಟ್ಟಿಸಂಗಾವಿಯ ಸೇತುವೆಗೆ ಬರುವ ಹೊತ್ತಿಗೆ ಕಿಟಕಿಗೆ ತಲೆ ಆನಿಸಿ ಅವನಿಗೆ ಗಾಢ ನಿದ್ರೆ. ಕಿವಿಯ ಹಿಂದೆ ಇನ್ನೂ ಒಂದಿಷ್ಟು ಅರದಾಳ ಉಳಿದಿದೆ.