ಪಿಸಿ ಕಥೆ, ಭಾಗ 4: ಒಂದು ಕಾರ್ಡಾ, ಎರಡಾ?

ಹೋದ ಪೋಸ್ಟಲ್ಲಿ "ಎರಡನೇ ಗ್ರಾಫಿಕ್ಸ್ ಕಾರ್ಡ್ ಬರ್ತಿದೆ, ಕಾಯ್ತಾ ಇರಿ" ಅಂತ ಬಿಲ್ಡಪ್ ಕೊಟ್ಟಿದ್ದೆ. ನೀವೂ ಬೆಂಕಿ ಇಮೋಜಿ ಸುರಿಸಿದ್ರಿ. ಅದು ಬರ್ತಿಲ್ಲ. ನಿಮ್ಮಲ್ಲಿ ಮೂರು ಜನ ಆಗಲೇ "ನಾನೂ ಹಾಕಿಸ್ತೀನಿ" ಅಂತ ಮೆಸೇಜ್ ಮಾಡಿದ್ದೀರ, ಅದಕ್ಕೇ ಯಾಕೆ ಅಂತ ಹೇಳಲೇಬೇಕು.

ನನ್ನ ಹತ್ರ ಇರೋದು ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1070. 2016ರ ಕಾರ್ಡು, 8 ಜಿಬಿ. ಒಬ್ಬ ಗೆಳೆಯನ ಹತ್ರಾನೂ ಅದೇ ಇತ್ತು. ಅವನಿಗೆ ಫೀಸ್ ಕಟ್ಟೋಕೆ ದುಡ್ಡು ಬೇಕಿತ್ತು. "7,000 ಕೊಡು ಮಗಾ, ತಗೊಂಡೋಗು" ಅಂದ. ಹಿಂದೆ ಮುಂದೆ ನೋಡದೆ "ಆಯ್ತು, ಭಾನುವಾರ ಕೊಡ್ತೀನಿ" ಅಂದ್ಬಿಟ್ಟೆ. ಮದುವೆ ಸೀಸನ್ನಲ್ಲಿ ಕೇಟರಿಂಗ್‌ಗೆ ಹೋಗಿ ಬಡಿಸಿ ಬಡಿಸಿ ಉಳಿಸಿದ 9,500 ಇತ್ತು. ನಿಜ ಹೇಳ್ತೀನಿ, ಆಗ ನನ್ನ ತಲೇಲಿ ಯಾವ ಗೇಮೂ ಇರಲಿಲ್ಲ. ಗಾಜಿನ ಪ್ಯಾನೆಲ್ ಹಿಂದೆ ಎರಡು ಕಾರ್ಡು ಒಂದರ ಮೇಲೊಂದು ಕೂತಿರೋ ಫೋಟೋ ಇತ್ತು. ಈ ಪೇಜಿಗೆ ಹಾಕೋಕೆ.

ಶನಿವಾರ ಹೊಸಕೆರೆಹಳ್ಳಿಯಿಂದ ಬಸ್ ಹತ್ತಿ, ಟೌನ್ ಹಾಲ್ ಹತ್ರ ಇಳಿದು ಎಸ್.ಪಿ. ರೋಡ್‌ಗೆ ನಡೆದೆ. ಎರಡು ಕಾರ್ಡ್ ಜೋಡಿಸೋ ಬ್ರಿಡ್ಜ್ ಬೇಕಿತ್ತು. ಮೂರನೇ ಅಂಗಡಿಯ ಅಣ್ಣ ತಲೆ ಎತ್ತದೇ ಕೇಳಿದ್ರು: "ಬೋರ್ಡ್ ಯಾವ್ದಪ್ಪಾ?"

"ಬಿ450 ಅಣ್ಣ."

"ಅದ್ರಲ್ಲಿ ಎಸ್‌ಎಲ್‌ಐ ಓಡಲ್ಲ. ಸ್ಲಾಟ್ ಎರಡಿದ್ದ ಮಾತ್ರಕ್ಕೆ ಕಾರ್ಡ್‌ಗಳು ಜೊತೆಗೆ ಕೆಲಸ ಮಾಡ್ತವಾ?"

ಅಂದ್ರೆ ಬೋರ್ಡೂ ಬದಲಿಸ್ಬೇಕು. ನನ್ನ 500 ವ್ಯಾಟ್ ಎಸ್‌ಎಂಪಿಎಸ್ ಕೂಡ ಸಾಲಲ್ಲ. 7,000ದ ಲೆಕ್ಕ ಅಲ್ಲೇ ಡಬಲ್ ದಾಟ್ತು. ಬಿಕಾಂ ಓದೋನು ನಾನು, ಕಾಸ್ಟಿಂಗ್ ನೋಟ್ಸ್ ಬ್ಯಾಗಲ್ಲೇ ಇತ್ತು!

ರಾತ್ರಿ ಕೂತು ಓದ್ದೆ. ಎಸ್‌ಎಲ್‌ಐಯಲ್ಲಿ ಸಾಮಾನ್ಯವಾಗಿ ಒಂದು ಫ್ರೇಮ್ ಈ ಕಾರ್ಡ್ ಬಿಡಿಸುತ್ತೆ, ಮುಂದಿನದ್ದು ಆ ಕಾರ್ಡ್. ಕೇಳೋಕೆ ಸೂಪರ್. ಆದ್ರೆ ನಮ್ಮ ಸ್ಟಾಪಲ್ಲಿ ಬಸ್ ಬರೋದು ನೋಡಿದ್ದೀರಲ್ಲ? ಅರ್ಧ ಗಂಟೆ ಒಂದೂ ಇಲ್ಲ, ಆಮೇಲೆ ಎರಡು ಒಟ್ಟಿಗೆ. ಗಂಟೆಗೆ ನಾಲ್ಕು ಬಸ್ ಅನ್ನೋ ಲೆಕ್ಕ ಸರಿಯಾಗೇ ಇರುತ್ತೆ, ಕಾಯೋನಿಗೆ ಮಾತ್ರ ಗೊತ್ತು ಕಷ್ಟ. ಎರಡು ಕಾರ್ಡಿನ ಫ್ರೇಮೂ ಹಂಗೇ ಬರಬಹುದು. ಮೀಟರಲ್ಲಿ ಎಫ್‌ಪಿಎಸ್ ಜಾಸ್ತಿ, ಕಣ್ಣಿಗೆ ತಡವರಿಕೆ. ಇನ್ನೊಂದು, 8 ಮತ್ತು 8 ಸೇರಿ 16 ಜಿಬಿ ಆಗಲ್ಲ. ಒಂದೇ ಟೆಕ್ಸ್ಟ್‌ಬುಕ್ಕನ್ನ ಇಬ್ಬರೂ ಕೊಂಡ ಹಾಗೆ, ಎರಡು ಕಾರ್ಡಲ್ಲೂ ಅದೇ ಸಾಮಾನು ತುಂಬಿರುತ್ತೆ.

ಎನ್ವಿಡಿಯಾ ಇದನ್ನ 2004ರಲ್ಲಿ ತಂದಿದ್ದು. 2021ರ ಜನವರಿಯಿಂದ ಹಳೇ ಕಾರ್ಡ್‌ಗಳಿಗೆ ಹೊಸ ಎಸ್‌ಎಲ್‌ಐ ಪ್ರೊಫೈಲ್ ಕೊಡೋದನ್ನೇ ನಿಲ್ಲಿಸ್ತು. ಈಗಿನ ಹೆಚ್ಚಿನ ಗೇಮ್‌ಗಳು ಎರಡನೇ ಕಾರ್ಡನ್ನ ತಿರುಗಿಯೂ ನೋಡಲ್ಲ. ಬ್ಲೆಂಡರಲ್ಲಿ ರೆಂಡರ್ ಮಾಡೋರಿಗೆ ಎರಡು ಕಾರ್ಡ್ ಉಪಯೋಗಕ್ಕೆ ಬರುತ್ತೆ, ಅದು ಬೇರೆ ಮಾತು.

ಇನ್ನು ಕರೆಂಟು. ಒಂದು 1070 ಪೂರ್ತಿ ಓಡಿದ್ರೆ 150 ವ್ಯಾಟ್. ಎರಡನೇದು ದಿನಕ್ಕೆ ನಾಲ್ಕು ಗಂಟೆ ಓಡಿದ್ರೆ ತಿಂಗಳಿಗೆ 18 ಯೂನಿಟ್. ನಮ್ಮ ಮನೆಗೆ ಗೃಹಜ್ಯೋತೀಲಿ 132 ಯೂನಿಟ್ ಫ್ರೀ, ಅಂದ್ರೆ ಹಳೇ ಸರಾಸರಿ 120, ಅದರ ಮೇಲೆ ಶೇ. 10. ಅಮ್ಮ ಸೊನ್ನೆ ಬಿಲ್ಲನ್ನ ಫ್ರಿಜ್ ಮೇಲೆ ಅಂಟಿಸಿಡ್ತಾರೆ. ಹೋದ ತಿಂಗಳು 127 ಆಗಿತ್ತು. ನೀವೇ ಕೂಡಿಸಿ ನೋಡಿ.

ಭಾನುವಾರ ಗೆಳೆಯನಿಗೆ ಬೇಡ ಅಂದೆ. ಅವನು ಬೈಲಿಲ್ಲ. "ಬುಧವಾರನೇ ಹೇಳಿದ್ರೆ ಬೇರೆಯವರಿಗೆ ಕೊಡ್ತಿದ್ದೆ ಕಣೋ" ಅಂದ, ಅಷ್ಟೇ. ಫೀಸಿಗೆ ಎರಡೇ ದಿನ ಇತ್ತು. ಸೋಮವಾರ ಇಡೀ ದಿನ ಗ್ರೂಪ್‌ಗಳಲ್ಲಿ ಅವನ ಕಾರ್ಡಿನ ಫೋಟೋ ಹಾಕ್ತಾ ಕೂತೆ. ಗಿರಿನಗರದ ಒಬ್ಬ ಡಿಪ್ಲೊಮಾ ಹುಡುಗ 6,500ಕ್ಕೆ ತಗೊಂಡ. ಅವನ ಪಿಸೀಲಿ ಕಾರ್ಡೇ ಇರಲಿಲ್ಲ. ಕಡಿಮೆ ಬಿದ್ದ 500 ನಾನು ಕೊಟ್ಟೆ. ಗೆಳೆಯ ಇಸ್ಕೊಂಡ, ಆದ್ರೆ ಇನ್ನೂ ಮೊದಲಿನ ಥರ ಮಾತಾಡ್ತಿಲ್ಲ.

ಉಳಿದಿರೋದು 9,000. ಇನ್ನೊಂದು ಮದುವೆ ಸೀಸನ್ ಬಡಿಸಿ, ಇರೋ 1070 ಮಾರಿ, 12 ಜಿಬಿಯ ಒಂದೇ ಒಂದು ಆರ್‌ಟಿಎಕ್ಸ್ 3060 ತಗೋಳೋ ಪ್ಲಾನು. ಮೆಸೇಜ್ ಮಾಡಿದ ಮೂರು ಜನ, ಯಾರಿಗೂ ಮಾತು ಕೊಡೋ ಮೊದಲು ನಿಮ್ಮ ಬೋರ್ಡ್ ಹೆಸರು ಕಳಿಸಿ.