ಹಾಜರಿ ಪುಸ್ತಕವೂ ಅಂತೇವಾಸಿಯೂ

ಕಾಲೇಜಿನ ವಿದ್ಯಾರ್ಥಿಗಳಿಗೆ ತರಗತಿಯ ಹಾಜರಿಯನ್ನು ಕಡ್ಡಾಯಗೊಳಿಸಬೇಕೆ ಅಥವಾ ಅವರವರ ವಿವೇಕಕ್ಕೆ ಬಿಡಬೇಕೆ ಎಂಬ ಪ್ರಶ್ನೆ ಅಧ್ಯಾಪಕರ ಕೊಠಡಿಗಳಲ್ಲಿ ವರ್ಷಕ್ಕೊಮ್ಮೆಯಾದರೂ ಏಳುತ್ತದೆ. ಪರೀಕ್ಷೆ ಸಮೀಪಿಸಿ, ಹಾಜರಿ ಕೊರತೆಯುಳ್ಳವರ ಪಟ್ಟಿ ಸೂಚನಾ ಫಲಕವನ್ನೇರಿದ ದಿನ ಅದು ಕಾವೇರುತ್ತದೆ. ಪರೀಕ್ಷೆ ಮುಗಿದೊಡನೆ ತಣ್ಣಗಾಗುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಈ ಎರಡು ತಾಲ್ಲೂಕುಗಳಲ್ಲಿ ಕನ್ನಡವನ್ನು ಬೋಧಿಸುತ್ತ ಆಯುಷ್ಯದ ಬಹುಭಾಗವನ್ನು ಕಳೆದಿರುವ ನಾನು ಈ ಚರ್ಚೆಯನ್ನು ಹಲವು ಸಲ ಕೇಳಿದ್ದೇನೆ, ಕೆಲವು ಸಲ ಅದರಲ್ಲಿ ಭಾಗಿಯೂ ಆಗಿದ್ದೇನೆ. ಸ್ಮರಣ ಸಂಚಿಕೆಗೆ ಶಿಕ್ಷಣ ಸಂಬಂಧವಾದ ಲೇಖನವೊಂದು ಬೇಕೆಂದು ಸಂಪಾದಕ ಮಂಡಳಿಯವರು ಪ್ರೀತಿಯಿಂದ ಒತ್ತಾಯಿಸಿದಾಗ ಇದನ್ನೇ ಕುರಿತು ನಾಲ್ಕು ಮಾತು ನಿವೇದಿಸಬೇಕೆನಿಸಿತು.

ಯಾವ ವಿಷಯವೇ ಆಗಲಿ, ಶಬ್ದದಿಂದ ಆರಂಭಿಸುವುದು ಪಂಡಿತರ ಹಳೆಯ ಅಭ್ಯಾಸ. ‘ಹಾಜರಿ’ ಅರಬ್ಬೀ ಮೂಲದಿಂದ ಹೊರಟು, ಕಚೇರಿಯ ದಾರಿಯಲ್ಲಿ ನಮ್ಮ ನುಡಿಗೆ ಬಂದ ಮಾತು. ಹೆಸರು ಕೂಗಿದಾಗ ಎದುರಿಗೆ ಬಂದು ನಿಲ್ಲುವ ಭಾವ ಅದರಲ್ಲಿದೆ. ನಮ್ಮ ಹಳೆಯ ವಿದ್ಯಾಸಂಪ್ರದಾಯದಲ್ಲಿ ಇದಕ್ಕೆ ಸಮೀಪದ ಎರಡು ಶಬ್ದಗಳಿವೆ. ಯಾರ ಬಳಿಸಾರಿ ಅಧ್ಯಯನ ಮಾಡುವರೋ ಅವನು ‘ಉಪಾಧ್ಯಾಯ’. ಗುರುವಿನ ಸಮೀಪದಲ್ಲಿ ವಾಸಿಸುವವನು ‘ಅಂತೇವಾಸಿ’, ಅಂದರೆ ಶಿಷ್ಯ. ಮೊದಲನೆಯದರಲ್ಲಿ ಗುರುವಿನ ಹೆಸರಿನೊಳಗೆ ಶಿಷ್ಯನ ನಡೆ ಅಡಗಿದೆ; ಎರಡನೆಯದರಲ್ಲಿ ಶಿಷ್ಯನ ಹೆಸರಿನೊಳಗೆ ಗುರುವಿನ ಸಾನ್ನಿಧ್ಯ ಅಡಗಿದೆ. ಕಚೇರಿಯ ಹಾಜರಿಗೂ ಅಂತೇವಾಸಿಯ ಹಾಜರಿಗೂ ನಡುವೆ ಇರುವ ದೂರವನ್ನು ನಾವು ಮರೆತಿದ್ದೇವೆಯೇ ಎಂಬುದು ನನ್ನ ಚಿಂತೆ.

ನಿಯಮವೇನೋ ಸರಳವಾಗಿದೆ. ನಮ್ಮ ಪದವಿಪೂರ್ವ ಕಾಲೇಜುಗಳಲ್ಲಿ ವಾರ್ಷಿಕ ಪರೀಕ್ಷೆಗೆ ಕುಳಿತುಕೊಳ್ಳಲು ನೂರಕ್ಕೆ 75ರಷ್ಟು ಹಾಜರಿ ಇರಬೇಕು. ಪದವಿ ತರಗತಿಗಳಿಗೆ ಸಂಬಂಧಿಸಿದ ವಿಶ್ವವಿದ್ಯಾಲಯ ಅನುದಾನ ಆಯೋಗದ 2003ರ ನಿಯಮಾವಳಿಯಲ್ಲಿಯೂ ಹಾಜರಿ ಸಾಮಾನ್ಯವಾಗಿ ಮುಕ್ಕಾಲು ಪಾಲಿಗಿಂತ ಕಡಿಮೆಯಾಗಬಾರದೆಂಬ ಮಾತಿತ್ತು. ವಾರಕ್ಕೆ 4 ಅವಧಿಯಂತೆ 16 ವಾರ ಪಾಠ ನಡೆದರೆ ಒಟ್ಟು 64 ಅವಧಿಗಳಾಗುತ್ತವೆ. ಅವುಗಳಲ್ಲಿ 48ಕ್ಕೆ ಬಂದವನು ಪಾರಾದ. 47ಕ್ಕೆ ಬಂದವನು ನಿಂತ. ಈ ಒಂದು ಅವಧಿಯ ಅಂತರದಲ್ಲಿ ವಿದ್ಯೆಯ ಅಂತರವೆಷ್ಟು ಎಂದು ಯಾರೂ ಹೇಳಲಾರರು. ಆದರೆ ಎಲ್ಲಿಯಾದರೂ ಒಂದು ಗೆರೆಯನ್ನು ಎಳೆಯದೆ ಸಂಸ್ಥೆ ನಡೆಯುವುದಿಲ್ಲವೆಂಬುದೂ ಅಷ್ಟೇ ನಿಜ.

ಈ ಗೆರೆಯ ಬಗೆಗಿನ ವಾದ ನಮ್ಮ ಸೀಮೆಗೆ ಮಾತ್ರ ಸೇರಿದ್ದಲ್ಲ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯವು 2017ರ ಡಿಸೆಂಬರಿನಲ್ಲಿ 75ರ ಹಾಜರಿಯನ್ನು ಕಡ್ಡಾಯಗೊಳಿಸಿದಾಗ, 2018ರ ಆರಂಭದ ತಿಂಗಳುಗಳಲ್ಲಿ ಅಲ್ಲಿನ ವಿದ್ಯಾರ್ಥಿಗಳು ದೊಡ್ಡ ಪ್ರತಿಭಟನೆಯನ್ನೇ ನಡೆಸಿದರು. ಹಾಜರಿ ಕೊರತೆಯಿಂದ ಪರೀಕ್ಷೆಗೆ ಅನುಮತಿ ದೊರೆಯದಿದ್ದ ಕಾನೂನು ವಿದ್ಯಾರ್ಥಿಯೊಬ್ಬನು 2016ರಲ್ಲಿ ಪ್ರಾಣ ಕಳೆದುಕೊಂಡ ದುಃಖದ ಪ್ರಕರಣವನ್ನು ವಿಚಾರಿಸಿದ ದೆಹಲಿಯ ಉಚ್ಚ ನ್ಯಾಯಾಲಯವು, ಕನಿಷ್ಠ ಹಾಜರಿಯಿಲ್ಲವೆಂಬ ಕಾರಣಕ್ಕೆ ಕಾನೂನು ವಿದ್ಯಾರ್ಥಿಗಳನ್ನು ಪರೀಕ್ಷೆಯಿಂದ ತಡೆಯಬಾರದೆಂದು 2025ರ ನವೆಂಬರಿನಲ್ಲಿ ಹೇಳಿತು. ಒಂದು ಕಡೆಯವರು, ಪ್ರಾಪ್ತವಯಸ್ಕರನ್ನು ಮಕ್ಕಳಂತೆ ಎಣಿಸಬೇಡಿ, ಗ್ರಂಥಾಲಯದಲ್ಲಿ ಕುಳಿತು ಓದುವುದೂ ವಿದ್ಯೆಯೇ ಎನ್ನುತ್ತಾರೆ. ಇನ್ನೊಂದು ಕಡೆಯವರು, ಸಮಾಜದ ಹಣದಲ್ಲಿ ನಡೆಯುವ ಪಾಠಕ್ಕೆ ಬಾರದವನಿಗೆ ಪರೀಕ್ಷೆಯ ಹಕ್ಕೆಲ್ಲಿಯದು ಎನ್ನುತ್ತಾರೆ. ಎರಡೂ ವಾದಗಳಲ್ಲಿ ಸತ್ಯಾಂಶವಿದೆ. ಆದರೆ ಎರಡೂ ನಗರದ ನೆಲದಲ್ಲಿ ಹುಟ್ಟಿದ ವಾದಗಳು. ಬಾರದ ವಿದ್ಯಾರ್ಥಿ ಬರಲೊಲ್ಲದವನೆಂದೇ ಎರಡೂ ಭಾವಿಸುತ್ತವೆ. ಬರಲಾಗದವನ ಮಾತನ್ನು ಎರಡೂ ಆಡುವುದಿಲ್ಲ.

ನಾನು ಕಲಿತ ಪಾಠಶಾಲೆಯಲ್ಲಿ ಹಾಜರಿ ಪುಸ್ತಕವೇ ಇರಲಿಲ್ಲ. ಬೆಳಗಿನ ಜಾವ ಎದ್ದು, ಹಿಂದಿನ ದಿನ ಹೇಳಿಸಿಕೊಂಡ ಶಬ್ದಮಣಿದರ್ಪಣದ ಕಂದಗಳನ್ನು ಸಾಲಾಗಿ ಒಬ್ಬೊಬ್ಬರೇ ಒಪ್ಪಿಸಬೇಕಾಗಿತ್ತು. ಒಬ್ಬನು ಬಿಟ್ಟ ಸೂತ್ರವನ್ನು ಪಕ್ಕದವನು ಎತ್ತಿಕೊಳ್ಳುತ್ತಿದ್ದ. ಹದಿನೈದು ಇಪ್ಪತ್ತು ಮಂದಿಯ ಆ ಸಾಲಿನಲ್ಲಿ ಒಬ್ಬನಿಲ್ಲದಿದ್ದರೆ ಸರಪಳಿಯ ಕೊಂಡಿಯೇ ಕಳಚಿದಂತೆ ಕಾಣುತ್ತಿತ್ತು. ಗುರುಗಳು ಪುಸ್ತಕದಿಂದ ತಲೆಯೆತ್ತದೆಯೇ “ಅವನೆಲ್ಲಿ?” ಎಂದು ಕೇಳುತ್ತಿದ್ದರು. ಜ್ವರವೆಂದರೆ ಗಂಜಿ ಕಳುಹಿಸುತ್ತಿದ್ದರು, ಸೋಮಾರಿತನವೆಂದರೆ ಕರೆಯಿಸುತ್ತಿದ್ದರು. ಅವರ ಕಣ್ಣೇ ನಮಗೆ ಹಾಜರಿ ಪುಸ್ತಕವಾಗಿತ್ತು. ಆ ಪ್ರಶ್ನೆಗೆ ಮೊದಲು ಉತ್ತರ ಬೇಕಾಗಿತ್ತು. ದಂಡವೋ ಗಂಜಿಯೋ ಎಂಬುದು ಆಮೇಲಿನ ಮಾತು.

ಇಂದಿನ ಕಾಲೇಜಿನ ಒಂದು ಕೊಠಡಿಯಲ್ಲಿ ಎಂಬತ್ತು ಮಂದಿ ಕುಳಿತಿರುತ್ತಾರೆ. ಅಲ್ಲಿ ಪುಸ್ತಕವಿಲ್ಲದೆ ನಡೆಯದು. ಆದರೆ ಆ ಎಂಬತ್ತು ಮಂದಿ ಎಲ್ಲಿಂದ ಬರುತ್ತಾರೆಂಬುದನ್ನು ಪುಸ್ತಕ ಹೇಳುವುದಿಲ್ಲ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಸೀಮೆ ನಮ್ಮದು. ಚಳ್ಳಕೆರೆಯನ್ನು ಎಣ್ಣೆ ನಗರವೆಂದು ಕರೆಯುವಂತೆ ಮಾಡಿದ್ದು ಈ ಒಣಭೂಮಿಯ ಶೇಂಗಾ. ಮುಂಗಾರಿನಲ್ಲಿ ಬಿತ್ತಿದ ಶೇಂಗಾ ಅಕ್ಟೋಬರ್ ನವೆಂಬರ್ ಹೊತ್ತಿಗೆ ಕೀಳಲು ಬರುತ್ತದೆ. ಹದ ಮೀರಿದರೆ ನೆಲ ಗಟ್ಟಿಯಾಗಿ ಕಾಯಿ ಮಣ್ಣಿನಲ್ಲೇ ಉಳಿಯುತ್ತದೆ. ಕೂಲಿಯಾಳು ಸಿಕ್ಕದ ಮನೆಯಲ್ಲಿ ಆ ಎರಡು ಮೂರು ವಾರ ಕಾಲೇಜಿನ ಹುಡುಗನೂ ಹೊಲದಲ್ಲಿಯೇ ಇರಬೇಕು. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ದೊಡ್ಡ ಹೆಸರಿದೆ. ಆ ಸೀರೆಯ ಹಿಂದೆ, ಮಗ್ಗದ ಪಕ್ಕದಲ್ಲಿ ಕುಳಿತು ಕಂಡಿಕೆ ಸುತ್ತುವ ಹೆಣ್ಣುಮಕ್ಕಳಿದ್ದಾರೆ. ಬಸ್ಸಿನ ಕಥೆ ಬೇರೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ದೊರೆತದ್ದು ನಮ್ಮ ಹೆಣ್ಣುಮಕ್ಕಳಿಗೆ ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಖಾಸಗಿ ಬಸ್ಸು ಮಾತ್ರ ಓಡಾಡುವ ಹಳ್ಳಿಯ ಹುಡುಗಿಗೆ ಆ ಉಪಕಾರ ಇನ್ನೂ ದೂರದಲ್ಲಿದೆ.

2011ರ ನವೆಂಬರಿನಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಈ ಭಾಗದ ಒಂದು ಕಾಲೇಜು, ಹೆಸರು ಬೇಡ. ಪರೀಕ್ಷೆಗೆ ಹತ್ತು ದಿನವಿರುವಾಗ ಕೊರತೆಯ ಪಟ್ಟಿ ಸಿದ್ಧವಾಯಿತು. ನನ್ನ ತರಗತಿಯ ಇಬ್ಬರು ಅದರಲ್ಲಿದ್ದರು. ಒಬ್ಬ ಪರಶುರಾಂಪುರದ ಕಡೆಯ ರೈತನ ಮಗ. 64ರಲ್ಲಿ 43 ಅವಧಿಗೆ ಬಂದಿದ್ದ. ಇನ್ನೊಬ್ಬ ಪೇಟೆಯ ಹುಡುಗ, 39ಕ್ಕೆ ಬಂದಿದ್ದ. ವೈದ್ಯರ ಪ್ರಮಾಣಪತ್ರವಿದ್ದವರ ಕೊರತೆಯನ್ನು ಮನ್ನಿಸಲು ಅವಕಾಶವಿತ್ತು. ಪೇಟೆಯ ಹುಡುಗ ಮರುದಿನವೇ ಕಾಮಾಲೆಯ ಪ್ರಮಾಣಪತ್ರ ತಂದ. ಆ ದಿನಗಳಲ್ಲಿ ಅವನು ಕ್ರಿಕೆಟ್ ಪಂದ್ಯಗಳಲ್ಲಿ ಆಡುತ್ತಿದ್ದುದನ್ನು ಊರೇ ನೋಡಿತ್ತು. ರೈತನ ಮಗ ಒಂದು ಬಿಳಿಯ ಹಾಳೆಯಲ್ಲಿ, ಶೇಂಗಾ ಕೀಳಲು ತಂದೆಯೊಡನೆ ಹೊಲದಲ್ಲಿದ್ದೆನೆಂದು ಬರೆದು ಸಹಿ ಮಾಡಿ ಕೊಟ್ಟ.

ಅಧ್ಯಾಪಕರ ಸಭೆ ಸೇರಿತು. ಆ ಹುಡುಗನಿಗೆ ವಿನಾಯಿತಿ ಕೊಡಬೇಕೆಂದು ನಾನು ವಾದಿಸಿದೆ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು, “ಪಂಡಿತರೇ, ಇವತ್ತು ಶೇಂಗಾ ಅಂತೀರಿ, ನಾಳೆ ನಾಯಕನಹಟ್ಟಿ ತೇರು ಅಂತಾರೆ, ನಾಡಿದ್ದು ಮಾವನ ಮಗಳ ಮದುವೆ ಅಂತಾರೆ. ಎಲ್ಲಿ ನಿಲ್ಲಿಸೋಣ ಹೇಳಿ” ಎಂದರು. ಅವರು ಕಟುಕರಲ್ಲ, ತಮ್ಮ ಸಂಬಳದಲ್ಲಿ ಬಡ ಮಕ್ಕಳ ಶುಲ್ಕ ಕಟ್ಟುತ್ತಿದ್ದವರು. ಅವರ ಪ್ರಶ್ನೆಯೂ ಸಾಧಾರಣವಾದದ್ದಲ್ಲ. ನಿಯಮವನ್ನು ಒಬ್ಬನಿಗೆ ಸಡಿಲಿಸಿದರೆ ಅದು ನಾಳೆ ಪ್ರಭಾವವಿದ್ದವನ ಕೈಗೆ ಸಿಕ್ಕುತ್ತದೆಂಬ ಭಯ ಅವರದು. ಕೊನೆಗೆ ನಿಯಮದಂತೆಯೇ ನಡೆಯಿತು. ಪ್ರಮಾಣಪತ್ರವಿದ್ದವನು ಪರೀಕ್ಷೆ ಬರೆದ, ಇಲ್ಲದವನು ನಿಂತ.

ಪಟ್ಟಿ ಅಂತಿಮವಾದ ಸಂಜೆ ಆ ಹುಡುಗ ನನ್ನ ಬಳಿಗೆ ಬಂದ. ಜಗಳವಾಡಲಿಲ್ಲ, ಅಳಲಿಲ್ಲ. “ಸಾರ್, ನಾನೂ ಒಂದು ಡಾಕ್ಟ್ರ ಚೀಟಿ ತಂದಿದ್ರೆ ಆಗ್ತಿತ್ತಲ್ವಾ?” ಎಂದು ಕೇಳಿದ. ಆಗುತ್ತಿತ್ತು ಎಂದರೆ ಗುರುವಾದವನು ಸುಳ್ಳನ್ನು ಕಲಿಸಿದಂತೆ. ಆಗುತ್ತಿರಲಿಲ್ಲ ಎಂದರೆ ಗುರುವೇ ಸುಳ್ಳು ಹೇಳಿದಂತೆ. ಮರುವರ್ಷ ಬಾ, ನಾನು ನೋಡಿಕೊಳ್ಳುತ್ತೇನೆ ಎಂದೆ. ಮರುವರ್ಷ ಅವನು ಬರಲಿಲ್ಲ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದನೆಂದು ಅವನ ಊರಿನವರು ಹೇಳಿದರು.

ಅಂದಿನಿಂದ ನನ್ನ ವಿಚಾರ ಒಂದೇ ಕಡೆಗೆ ಹರಿದಿದೆ. ಹಾಜರಿ ಕಡ್ಡಾಯವೋ ಐಚ್ಛಿಕವೋ ಎಂಬುದು ಎರಡನೆಯ ಪ್ರಶ್ನೆ. ಬಾರದ ಕಾರಣವನ್ನು ಸತ್ಯವಾಗಿ ಹೇಳಿದವನಿಗೆ ದಂಡ, ಸುಳ್ಳನ್ನು ಬರೆಯಿಸಿ ತಂದವನಿಗೆ ಕ್ಷಮೆ ದೊರೆಯುವಂತಿದ್ದರೆ ಅದು ವಿದ್ಯಾಸಂಸ್ಥೆಯ ನಿಯಮವಾಗಬಲ್ಲುದೇ ಎಂಬುದು ಮೊದಲನೆಯ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರ ಈ ಮೂರು ನೆಲೆಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಕ್ರಿ. ಪೂ. 3ನೆಯ ಶತಮಾನದ ಇವುಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಬರೆದ ಲಿಪಿಕಾರನ ಹೆಸರು ಚಪಡ. ಬ್ರಹ್ಮಗಿರಿಯ ಬಂಡೆಯಲ್ಲಿ ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವನ್ನೇ ನುಡಿಯಬೇಕೆಂಬ ವಿಧಿ ಇವೆಲ್ಲ ಬಂದು, ಅವುಗಳ ಬೆನ್ನಲ್ಲೇ ಅಂತೇವಾಸಿಯು ಆಚಾರ್ಯನನ್ನು ಗೌರವಿಸಬೇಕೆಂಬ ಮಾತು ಬರುತ್ತದೆ. ಇದು ಪುರಾತನವಾದ ನಡೆಯೆಂದೂ ಶಾಸನವೇ ಹೇಳುತ್ತದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ನಮ್ಮ ತಾಲ್ಲೂಕಿನ ಕಲ್ಲಿನ ಮೇಲೆ ‘ಅಂತೇವಾಸಿ’ ಎಂಬ ಶಬ್ದ ಕಂಡರಿಸಲ್ಪಟ್ಟಿತ್ತೆಂಬುದು ನಮಗೆ ಹೆಮ್ಮೆಯ ವಿಷಯ. ಆದರೆ ಹೆಮ್ಮೆಗಿಂತ ಎಚ್ಚರಿಕೆ ಮುಖ್ಯ. ತಂದೆಯ ಸೇವೆ, ಸತ್ಯ, ಗುರುಗೌರವ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದ ಬಂಡೆಯಿರುವ ಸೀಮೆಯಲ್ಲಿ, ತಂದೆಗೆ ನೆರವಾಗಿ ಸತ್ಯವನ್ನೂ ನುಡಿದ ಹುಡುಗನು ಗುರುಗಳ ಪಟ್ಟಿಯಿಂದ ಹೊರಗೆ ಬಿದ್ದನಲ್ಲ!

ಹಾಗಾದರೆ ಹಾಜರಿಯನ್ನೇ ತೆಗೆದುಹಾಕೋಣವೇ ಎಂದು ಕೇಳಿದರೆ, ಬೇಡವೆಂದೇ ನನ್ನ ಉತ್ತರ. ಅದಕ್ಕೆ ಕಾರಣವಾದ ಇನ್ನೊಂದು ಸಂಗತಿ 2014ರದು. ಮೊಳಕಾಲ್ಮೂರಿನ ಮಗ್ಗದ ಮನೆಯೊಂದರ ಹುಡುಗಿ ಪದವಿಪೂರ್ವ ತರಗತಿಯಲ್ಲಿದ್ದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಎಂಟು ದಿನ ಸೊನ್ನೆ ಬಿದ್ದುದನ್ನು ಕಂಡು, ನಾವು ಇಬ್ಬರು ಅಧ್ಯಾಪಕರು ಅವರ ಮನೆಗೆ ಹೋದೆವು. ತಾಯಿ ಹಾಸಿಗೆ ಹಿಡಿದಿದ್ದರು; ಹುಡುಗಿ ಕಂಡಿಕೆ ಸುತ್ತುತ್ತಿದ್ದಳು. ಇನ್ನು ಕಾಲೇಜಿನ ಮಾತು ಬೇಡವೆಂದು ಮನೆಯವರು ಆಗಲೇ ನಿಶ್ಚಯಿಸಿದ್ದರು. ಅವಳ ಸೋದರತ್ತೆಯನ್ನು ಕೆಲಸಕ್ಕೆ ಒಪ್ಪಿಸಿ, ಉಚಿತ ವಿದ್ಯಾರ್ಥಿನಿಲಯದಲ್ಲಿ ಅವಳಿಗೊಂದು ಸ್ಥಳ ದೊರಕಿಸುವುದಕ್ಕೆ ಮೂರು ಸಲ ಓಡಾಡಬೇಕಾಯಿತು. ಅವಳು ಓದು ಮುಗಿಸಿದಳು. ಆ ಎಂಟು ಸೊನ್ನೆಗಳನ್ನು ಯಾರೂ ಬರೆಯದಿದ್ದರೆ ನಮಗೆ ತಿಳಿಯುತ್ತಿದ್ದುದಾದರೂ ಹೇಗೆ? ಹಾಜರಿ ಪುಸ್ತಕದ ನಿಜವಾದ ಉಪಯೋಗ ನನಗೆ ಅಂದು ಕಂಡಿತು. 2011ರಲ್ಲಿ ಅದೇ ಪುಸ್ತಕವನ್ನು ಕೊನೆಯ ಹತ್ತು ದಿನದಲ್ಲಿ ತೆರೆದೆವು. 2014ರಲ್ಲಿ ಎಂಟನೆಯ ದಿನವೇ ತೆರೆದೆವು. ವ್ಯತ್ಯಾಸ ಅಷ್ಟೇ.

ಅಧ್ಯಾಪಕರ ಹಾಜರಿಯ ಮಾತನ್ನೂ ಬಿಡುವಂತಿಲ್ಲ. ನಮ್ಮ ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕರು. ಅವರು 1939ರಲ್ಲಿ ತೀರಿಕೊಂಡರು. ಹತ್ತು ವರ್ಷಗಳ ಅನಂತರ 1949ರಲ್ಲಿ ಪ್ರಕಟವಾದ ಶ್ರೀರಾಮಾಯಣದರ್ಶನಂ ಮಹಾಕಾವ್ಯವನ್ನು ಕುವೆಂಪು ಅವರು ಅರ್ಪಿಸಿದ್ದು ಈ ಗುರುವಿಗೆ. ಕಣ್ಮರೆಯಾದ ಮೇಲೆಯೂ ಶಿಷ್ಯನ ಮನಸ್ಸಿನಲ್ಲಿ ಹಾಜರಿರುವ ಗುರುವಿಗೆ ಯಾವ ಕಡ್ಡಾಯದ ಆಸರೆ ಬೇಕು? ಎಲ್ಲರೂ ವೆಂಕಣ್ಣಯ್ಯನವರಾಗಲಾರೆವು, ನಿಜ. ಆದರೆ ಹಳೆಯ ಟಿಪ್ಪಣಿಯನ್ನು ಓದಿ ಹೇಳಿ ಗಂಟೆ ಹೊಡೆದೊಡನೆ ಎದ್ದುಹೋಗುವವನು ವಿದ್ಯಾರ್ಥಿಯ 75ನ್ನು ಎಣಿಸುವಾಗ ತನ್ನ ನೂರನ್ನೂ ಒಮ್ಮೆ ಎಣಿಸಿಕೊಳ್ಳಬೇಕು. ದೇಹ ಮಾತ್ರ ತರಗತಿಯಲ್ಲಿದ್ದರೆ ಅದು ಗುರುವಿಗೂ ಗೈರುಹಾಜರಿಯೇ.

ಅನುಭವದಿಂದ ತೋರಿದ ಕೆಲವು ಮಾತುಗಳನ್ನು ಸಹೋದ್ಯೋಗಿ ಮಿತ್ರರ ಮುಂದೆ ಇಡುತ್ತೇನೆ. ಹಾಜರಿಯನ್ನು ತಿಂಗಳ ಕೊನೆಗೊಮ್ಮೆ ಎಣಿಸಿ, ಕೊರತೆಯಾದವರ ಮನೆಗೆ ಅಂದೇ ತಿಳಿಸಬೇಕು. ಬಾರದ ಕಾರಣವನ್ನು ವಿದ್ಯಾರ್ಥಿಯೇ ತನ್ನ ಕೈಯಿಂದ ಬರೆಯುವ ಪುಸ್ತಕವೊಂದಿರಬೇಕು. ಅಲ್ಲಿ ಹೊಲ, ಮಗ್ಗ, ಬಸ್ಸು, ಬಾಣಂತನ ಎಲ್ಲಕ್ಕೂ ಜ್ವರಕ್ಕಿರುವ ಮರ್ಯಾದೆಯೇ ಇರಬೇಕು. ಬರೆದುದು ನಿಜವೇ ಎಂದು ಊರಿನಲ್ಲಿ ವಿಚಾರಿಸುವುದು ಕಷ್ಟವೇನಲ್ಲ. ಸುಗ್ಗಿಯ ವಾರಗಳಲ್ಲಿ ತಪ್ಪಿದ ಪಾಠಗಳನ್ನು ಭಾನುವಾರ ಅಥವಾ ಬೆಳಗಿನ ಹೊತ್ತು ಮರಳಿ ಹೇಳಿ, ಅವನ್ನು ಹಾಜರಿಗೆ ಸೇರಿಸಿಕೊಳ್ಳಬೇಕು. “ಎಲ್ಲಿ ನಿಲ್ಲಿಸೋಣ” ಎಂದು ಕೇಳಿದ ನನ್ನ ಹಿರಿಯ ಮಿತ್ರರಿಗೆ ಇದೇ ಉತ್ತರವಾಗಬಲ್ಲುದು: ಗೆರೆ ಇದ್ದಲ್ಲಿಯೇ ಇರಲಿ, ಅದನ್ನು ಮುಟ್ಟಲು ಬಯಸುವವನಿಗೆ ದಾರಿಯೊಂದಿರಲಿ. ಇಷ್ಟೆಲ್ಲ ಆದ ಮೇಲೂ ಬಾರದವನು ಬರಲೊಲ್ಲದವನು. ಅವನಿಗೆ ನಿಯಮ ತಾನಾಗಿಯೇ ಅನ್ವಯಿಸಲಿ.

ಈ ಸಂಚಿಕೆಯನ್ನು ಓದುವ ದಾನಿಗಳಿಗೂ ಹಳೆಯ ವಿದ್ಯಾರ್ಥಿ ಬಂಧುಗಳಿಗೂ ಒಂದು ಮಾತು. ಮಠಗಳ ಪ್ರಸಾದನಿಲಯಗಳಿಗೆ ನೀವು ಕೊಡುವ ಒಂದು ಚೀಲ ರಾಗಿ, ಒಂದು ಚೀಲ ಅಕ್ಕಿ, ದೂರದ ಹಳ್ಳಿಯ ಮಗುವೊಂದನ್ನು ಬಸ್ಸಿನ ಹಂಗಿನಿಂದ ಬಿಡಿಸಿ ಗುರುವಿನ ಸಮೀಪದಲ್ಲಿ ಇರಿಸುತ್ತದೆ. ಅಂತೇವಾಸಿ ಎಂಬ ಶಬ್ದಕ್ಕೆ ಇಂದಿಗೂ ಅರ್ಥ ಉಳಿದಿದ್ದರೆ ಅದು ಆ ಅನ್ನದಿಂದ. ಹಾಜರಿ ಕೂಗುವಾಗ ಉತ್ತರ ಬಾರದ ಹೆಸರೊಂದು ಎದುರಾದರೆ, ಸೊನ್ನೆ ಹಾಕಿ ಮುಂದಿನ ಹೆಸರಿಗೆ ಹೋಗುವ ಮುನ್ನ “ಅವನೆಲ್ಲಿ, ಅವಳೆಲ್ಲಿ?” ಎಂದು ಕೇಳುವ ಪದ್ಧತಿ ನಮ್ಮ ಎಲ್ಲ ವಿದ್ಯಾಲಯಗಳಲ್ಲಿ ನೆಲೆಗೊಳ್ಳಲೆಂದು ಹಾರೈಸುತ್ತೇನೆ.